ಹನಿಗವನವೋ, ನಗೆಪ್ರಬಂಧವೋ?

ನಗಿಸುವ ಪುಸ್ತಕ ಹೇಳಿ ಅಂದರೆ ನಾನು ಮೊದಲು ಕೇಳುವುದು: ಎಲ್ಲಿ ಓದುತ್ತೀರಿ? ಬಸ್ಸಲ್ಲಾದರೆ ಡುಂಡಿರಾಜರ ಹನಿಗವನ. ನಾಲ್ಕೈದು ಪುಟ್ಟ ಸಾಲು, ಕೊನೆಯಲ್ಲಿ ಒಂದು ಪದ ಪಲ್ಟಿ ಹೊಡೆಯುತ್ತದೆ. ‘ಸಾಲು ಹುಡುಕುತ್ತಿದ್ದ ಕವಿಗೆ ಸಾಲ ಸಿಕ್ಕಿತು’ ಅನ್ನುವ ಥರ. (ಇದು ಸುಮ್ನೆ ನಾನು ಕಟ್ಟಿದ್ದು, ಪಾಪ ಅವರನ್ನು ಬೈಯಬೇಡಿ.) ಆದರೆ ಒಂದೇ ಸಲಕ್ಕೆ ಇಪ್ಪತ್ತು ಓದಿದರೆ ಹೋಳಿಗೆ ಜಾಸ್ತಿ ತಿಂದ ಹಾಗೆ. ಅನುವಾದಿಸಿ ಹೇಳಲು ಹೋದರಂತೂ ನಗುವೇ ಮಾಯ.

ನಗೆಪ್ರಬಂಧಕ್ಕೆ ಭಾನುವಾರದ ಮಧ್ಯಾಹ್ನ ಬೇಕು. ಹಾಸ್ಯ ಲೇಖಕ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆ ಇಂಥ ಬರಹಕ್ಕೆ ಜಾಗ ಕೊಟ್ಟಿತು. ಇಲ್ಲಿ ನಗಿಸುವುದು ಪದವಲ್ಲ, ಮನುಷ್ಯ. ಕೊಡೆ ಕೊಟ್ಟು ವಾಪಸ್ ಕೇಳಲಾಗದೆ ಒದ್ದಾಡುವವನು ನಮ್ಮ ಬೀದಿಯಲ್ಲೂ ಇದ್ದಾನೆ ಅಲ್ವಾ? ನಗು ತಡವಾಗಿ ಬರುತ್ತದೆ. ರಾತ್ರಿ ಪಾತ್ರೆ ತೊಳೆಯುವಾಗ ಮತ್ತೆ ಬರುತ್ತದೆ.

ನನ್ನ ಓಟು ಪ್ರಬಂಧಕ್ಕೆ. ಫೋನ್ ಕೆಳಗಿಡದ ತಂಗಿಗಾದರೆ ಹನಿಗವನವೇ ಕೊಡಿ.