ಎಲಿಸಿಯಮ್‌ಗೆ ದುಡ್ಡು ಕೊಡುವ ಮೊದಲು ಡಿಸ್ಟ್ರಿಕ್ಟ್ 9 ನೋಡಿ

ಎರಡು ಶನಿವಾರ, ಎರಡು ಸಿನಿಮಾ. ಎರಡರ ನಿರ್ದೇಶಕರೂ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ನೀಲ್ ಬ್ಲೊಮ್‌ಕ್ಯಾಂಪ್. ಮೊದಲ ವಾರ ‘ಡಿಸ್ಟ್ರಿಕ್ಟ್ 9’ (2009) ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮುಂದಿನ ವಾರ ‘ಎಲಿಸಿಯಮ್’ (2013) ಬಾಡಿಗೆಗೆ ತಗೊಂಡೆ. ತುಂಬ ಬೇಜಾರಾಯಿತು. ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲ.

ಎಲಿಸಿಯಮ್ ನಡೆಯುವುದು 2154ರಲ್ಲಿ. ದುಡ್ಡಿದ್ದವರು ಆಕಾಶದಲ್ಲಿ ತೇಲುವ ಎಲಿಸಿಯಮ್ ಅನ್ನೋ ಚಕ್ರದಂಥ ಊರಿನಲ್ಲಿದ್ದಾರೆ, ಉಳಿದವರು ಭೂಮಿಯ ಧೂಳಿನಲ್ಲಿ. ಮೇಲಿನವರ ಮನೆಗಳಲ್ಲಿ ಒಂದು ಯಂತ್ರ ಇರುತ್ತೆ. ಅದರಲ್ಲಿ ಮಲಗಿದರೆ ಕ್ಯಾನ್ಸರ್ ಕೂಡ ಕ್ಷಣದಲ್ಲಿ ಮಾಯ. ಕಾರ್ಖಾನೆಯಲ್ಲಿ ವಿಕಿರಣ ತಗುಲಿ, ಇನ್ನು 5 ದಿನ ಮಾತ್ರ ಬದುಕುವ ಮ್ಯಾಕ್ಸ್‌ಗೆ (ಮ್ಯಾಟ್ ಡೇಮನ್) ಆ ಯಂತ್ರ ಬೇಕು.

ಈ ಯಂತ್ರವೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ನನ್ನಕ್ಕ ನರ್ಸ್. ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಅರ್ಧದಲ್ಲೇ ಕೇಳಿದಳು: “ಅಲ್ವೋ, ಡಾಕ್ಟರ್ ಬೇಡ, ಔಷಧಿ ಬೇಡ, ಒಂದು ನಿಮಿಷಾನೂ ಬೇಡ. ಮತ್ತೆ ಕೆಳಗಿನವರಿಗೆ ಯಾಕೆ ಕೊಡಲ್ಲ?” ಉತ್ತರ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಕೊನೆಯಲ್ಲಿ ಮೇಲಿನ ಊರಿನ ಕಂಪ್ಯೂಟರ್ ಭೂಮಿಯವರನ್ನೆಲ್ಲ ಪ್ರಜೆಗಳು ಅಂತ ಒಪ್ಪಿಕೊಂಡ ಕೂಡಲೇ, ಅದೇ ಯಂತ್ರಗಳನ್ನು ತುಂಬಿಕೊಂಡ ನೌಕೆಗಳು ಕೆಳಗೆ ಹೊರಡುತ್ತವೆ. ಅಂದರೆ ಮೊದಲೇ ಸಿದ್ಧವಾಗಿದ್ದವು! ಯಾರಿಗಾಗಿ? ಮೇಲಿನವರಿಗಂತೂ ಮನೆಯಲ್ಲೇ ಇದೆ.

ಅಕ್ಕನ ವಾರ್ಡಿನಲ್ಲಿ ಹಾಸಿಗೆ ಸಿಗದೆ ಯಾರಾದರೂ ವಾಪಸ್ ಹೋದರೆ ಅದಕ್ಕೊಂದು ಕಾರಣ ಇರುತ್ತೆ. ಒಳ್ಳೇದೋ ಕೆಟ್ಟದ್ದೋ, ಇರುತ್ತೆ. ಲಾಭ, ಕೊರತೆ, ಭಯ, ಏನಾದರೂ ಒಂದನ್ನು ಈ ಸಿನಿಮಾ ತೋರಿಸಬೇಕಿತ್ತು. ಸಾಲದ್ದಕ್ಕೆ, ಸ್ಫೋಟದಲ್ಲಿ ಛಿದ್ರವಾದ ಖಳನ ಮುಖವನ್ನೂ ಯಂತ್ರ ಮತ್ತೆ ಕಟ್ಟಿಬಿಡುತ್ತೆ. ಆಮೇಲೆ ಯಾರಿಗೆ ಏಟು ಬಿದ್ದರೂ ನನಗೆ ಏನೂ ಅನ್ನಿಸಲಿಲ್ಲ.

ಡಿಸ್ಟ್ರಿಕ್ಟ್ 9ರಲ್ಲಿ ಹೆದರಿಸೋದು ಒಂದು ಕಾಗದ. ಜೊಹಾನ್ಸ್‌ಬರ್ಗ್‌ಗೆ ಬಂದ ಅನ್ಯಗ್ರಹದವರನ್ನು ಅಲ್ಲೊಂದು ಗುಡಿಸಲು ಕೇರಿಯಲ್ಲಿ ಇಟ್ಟಿರುತ್ತಾರೆ. ವಿಕಸ್ ಅನ್ನೋ ನೌಕರ ಗುಡಿಸಲಿಂದ ಗುಡಿಸಲಿಗೆ ಹೋಗಿ, ಜಾಗ ಖಾಲಿ ಮಾಡುವ ನೋಟಿಸಿಗೆ ಅನ್ಯಗ್ರಹದವರ ಸಹಿ ಕೇಳುತ್ತಾನೆ. ಒಬ್ಬ ಸಿಟ್ಟಿನಿಂದ ಕಾಗದಕ್ಕೆ ಹೊಡೆಯುತ್ತಾನೆ. ಅದರ ಮೇಲೆ ಬಿದ್ದ ಗುರುತನ್ನೇ ಸಹಿ ಅಂತ ಲೆಕ್ಕಕ್ಕೆ ತಗೊಂಡು ವಿಕಸ್ ಮುಂದಿನ ಬಾಗಿಲಿಗೆ ನಡೆಯುತ್ತಾನೆ. ದಕ್ಷಿಣ ಆಫ್ರಿಕಾದಲ್ಲಿ ಇದು ಸುಮ್ನೆ ಕಲ್ಪನೆ ಅಲ್ಲ. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಘೋಷಿಸಿ, ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದರು. ಸಿನಿಮಾದ ಚಿತ್ರೀಕರಣ ಜೊಹಾನ್ಸ್‌ಬರ್ಗ್‌ನ ಸೊವೆಟೊದಲ್ಲಿ, ನಿಜವಾದ ಗುಡಿಸಲುಗಳ ನಡುವೆಯೇ ನಡೆದಿದೆ. ಆ ಧೂಳು ಮೂಗಿಗೆ ಬಡಿಯುತ್ತೆ.

ಖರ್ಚು? ಇದಕ್ಕೆ ಸುಮಾರು 3 ಕೋಟಿ ಡಾಲರ್, ಎಲಿಸಿಯಮ್‌ಗೆ 11 ಕೋಟಿಗೂ ಜಾಸ್ತಿ. ಕಣ್ಣಿಗೆ ಎಲಿಸಿಯಮ್ಮೇ ಚಂದ. ನಟ ಶಾರ್ಲ್ಟೊ ಕೋಪ್ಲಿ ಎರಡರಲ್ಲೂ ಇದ್ದಾರೆ, ವಿಕಸ್ ಆಗಿಯೇ ಇಷ್ಟವಾದರು. ಎಲಿಸಿಯಮ್‌ನಲ್ಲಿ ಮ್ಯಾಕ್ಸ್ ಪೆರೋಲ್ ಅಧಿಕಾರಿಯ ಮುಂದೆ ಕೂರುವ ದೃಶ್ಯ ಮಾತ್ರ ಅದ್ಭುತ. ಅಧಿಕಾರಿ ಅಂದರೆ ಬಣ್ಣ ಹೋದ ಗೊಂಬೆ. ಮಾತು ಏರಿದರೆ “ಮಾತ್ರೆ ಬೇಕಾ?” ಅನ್ನುತ್ತೆ. ಇಡೀ ಸಿನಿಮಾ ಹಾಗೇ ಇರಬೇಕಿತ್ತು.

ನಾನು ಸಿನಿಮಾ ನೋಡೋದು ಶನಿವಾರ ಊಟ ಆದಮೇಲೆ ಮಾತ್ರ. ತಿಂಗಳಿಗೆ ಒಂದಕ್ಕಷ್ಟೇ ದುಡ್ಡು ಕೊಡೋದು. ಆ ಒಂದು ಡಿಸ್ಟ್ರಿಕ್ಟ್ 9 ಆಗಲಿ. ದೊಡ್ಡ ಟಿವಿ ಇದ್ದು ಹೊಡೆದಾಟವಷ್ಟೇ ಸಾಕು ಅನ್ನುವವರು ಎಲಿಸಿಯಮ್ ನೋಡಬಹುದು. ಕಳೆದ ಶನಿವಾರ ಅಕ್ಕನಿಗೂ ಡಿಸ್ಟ್ರಿಕ್ಟ್ 9 ತೋರಿಸಿದೆ. ವಿಕಸ್‌ನ ಉಗುರು ಕಳಚಿ ಬರುವಾಗ ಅವಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಈ ಸಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.