ಬಡ್ಡಿ ಇಲ್ಲದ ಸೊಸೈಟಿಯಲ್ಲಿ ಬಳೆ ಇಟ್ಟ ಕಥೆ: ಐದಕ್ಕೆ ನಾಲ್ಕು

ಭಟ್ಕಳದಲ್ಲಿ ನನ್ನದು ಶಾಲೆ ಯೂನಿಫಾರ್ಮ್ ಹೊಲಿಯುವ ಅಂಗಡಿ. ಫೆಬ್ರವರಿಯಲ್ಲಿ ಬಟ್ಟೆ ತಂದು ಹಾಕಿಕೊಳ್ಳಬೇಕು, ದುಡ್ಡು ಕಾಣುವುದು ಜೂನ್‌ನಲ್ಲಿ. 2020ರ ಫೆಬ್ರವರಿಯಲ್ಲಿ ಎರಡು ಬಳೆ, 24 ಗ್ರಾಂ, ಊರಿನ ಒಂದು ಬಡ್ಡಿರಹಿತ ಸೊಸೈಟಿಯಲ್ಲಿ ಇಟ್ಟು 50,000 ರೂಪಾಯಿ ತಂದೆ.

"ಅದು ಸಾಬರದ್ದಲ್ವಾ, ನಮಗೂ ಕೊಡ್ತಾರಾ?" ಅಂತ ಪಕ್ಕದ ಮನೆಯವರು ಕೇಳಿದ್ದರು. ಕೊಡುತ್ತಾರೆ. ಕೇಳಿದ್ದು ಆಧಾರ್ ಮತ್ತು ಬಳೆ, ಅಷ್ಟೇ. ಕಾಗದಪತ್ರದ ಖರ್ಚು ಅಂತ 300 ರೂಪಾಯಿ ತೆಗೆದುಕೊಂಡರು. ಬಳೆಯನ್ನು ನನ್ನೆದುರೇ ತೂಗಿ, ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿದರು. ಚೀಲದ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ದರ್ಜಿಯ ಕಣ್ಣು, ಬಿಡುತ್ತದಾ! ಬೇರೆ ಚೀಲ ತರಿಸಿದೆ.

ಇದು ಬ್ಯಾಂಕ್ ಅಲ್ಲ ಅನ್ನುವುದು ಗೊತ್ತಿರಲಿ. ನಮ್ಮ ದೇಶದಲ್ಲಿ ಇಸ್ಲಾಮಿಕ್ ಬ್ಯಾಂಕ್, ಅಂದರೆ ಬಡ್ಡಿ ಇಲ್ಲದೆ ನಡೆಯುವ ಬ್ಯಾಂಕ್, ಇಲ್ಲ. ಆ ಪ್ರಸ್ತಾಪವನ್ನು 2017ರಲ್ಲಿ ರಿಸರ್ವ್ ಬ್ಯಾಂಕ್ ಕೈಬಿಟ್ಟಿತು. 2019ರಲ್ಲಿ ಬೆಂಗಳೂರಿನಲ್ಲಿ 'ಹಲಾಲ್ ಲಾಭ', ಅಂದರೆ ಬಡ್ಡಿಯಲ್ಲದ ಲಾಭ, ಕೊಡುತ್ತೇವೆ ಅಂತ ಹಣ ಎತ್ತಿದ ಕಂಪನಿ ಮುಳುಗಿದ್ದು ನೆನಪಿದ್ದವರಿಗೆ ಹೆದರಿಕೆ ಸಹಜ. ಆದರೆ ಇಲ್ಲಿ ಹಣ ಇಟ್ಟವರಿಗೆ ಲಾಭದ ಮಾತೇ ಇಲ್ಲ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಶಾಲೆ ತೆರೆಯಲೇ ಇಲ್ಲ. ನೀಲಿ ಚೌಕುಳಿ ಬಟ್ಟೆಯ ಥಾನುಗಳು ಗೋಡೆಗೆ ಒರಗಿ ನಿಂತಲ್ಲೇ ನಿಂತವು. ಬಾಗಿಲು ತೆರೆದ ಮೇಲೆ ಸೊಸೈಟಿಗೆ ಹೋಗಿ, "ಭಾಯ್, ಕಟ್ಟೋಕೆ ಆಗ್ತಾ ಇಲ್ಲ" ಅಂದೆ. "ಆದಾಗ ಕಟ್ಟಿ ಅಕ್ಕ. ಕಷ್ಟದಲ್ಲಿರೋ ಸಾಲಗಾರನಿಗೆ ಸಮಯ ಕೊಡಬೇಕು ಅಂತ ಕುರಾನ್‌ನಲ್ಲೇ ಇದೆ" ಅಂದರು. ಅವಧಿ ಮುಂದೆ ಹೋಯಿತು, ಸಾಲ 50,000ವೇ ಉಳಿಯಿತು.

ಹೊಲಿಗೆ ಮಷೀನ್‌ನ ಸಾಲ ಬೇರೆ ಇತ್ತು, ಮಾಮೂಲಿ ಬ್ಯಾಂಕಿನದ್ದು, ಬಾಕಿ 28,000. ಅಲ್ಲೂ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಬೇಡ ಅಂದರು. ಬಡ್ಡಿ ಮಾತ್ರ ನಿಲ್ಲಲಿಲ್ಲ. 12 ಪರ್ಸೆಂಟ್ ಲೆಕ್ಕದಲ್ಲಿ 1,700 ರೂಪಾಯಿ ಹತ್ತಿರ ಸೇರಿಕೊಂಡಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ವಾಪಸ್ ಕೊಡುತ್ತದೆ ಅಂತ ಟಿವಿಯಲ್ಲಿ ದೊಡ್ಡ ಸುದ್ದಿ. ನವೆಂಬರ್‌ನಲ್ಲಿ ನನ್ನ ಖಾತೆಗೆ ಬಂದದ್ದು 43 ರೂಪಾಯಿ!

ಹಾಗಾದರೆ ಒಂದು ಸ್ಟಾರ್ ಯಾಕೆ ಕಡಿಮೆ? ಜುಲೈನಲ್ಲಿ ಮಾಸ್ಕ್ ಹೊಲಿಯೋಣ ಅಂತ ಅದೇ ಬಳೆಯ ಮೇಲೆ ಇನ್ನೂ 10,000 ಕೇಳಿದೆ. ಇಲ್ಲ ಅಂದರು. ಚಿನ್ನದ ಬೆಲೆ ದಿನಾ ಏರುತ್ತಿತ್ತು, ಆದರೂ ಇಲ್ಲ. ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಬೆಲೆಯ ಶೇಕಡಾ 90ರವರೆಗೆ ಸಾಲ ಕೊಡಬಹುದು ಅಂತ ಬ್ಯಾಂಕುಗಳಿಗೆ ಹೇಳಿತು, ಮೊದಲು 75 ಇತ್ತು. ಇವರು ಬಳೆ ಇಟ್ಟ ದಿನದ ಬೆಲೆಯ ಅರ್ಧದ ಮೇಲೆ ಸ್ವಲ್ಪ, ಅಷ್ಟಕ್ಕೇ ನಿಂತರು. ಬೇಜಾರಾಯಿತು, ಸುಳ್ಳು ಯಾಕೆ.

ಮ್ಯಾನೇಜರ್ ಕೂರಿಸಿ ಲೆಕ್ಕ ಹೇಳಿದರು. ಬ್ಯಾಂಕಿಗೆ ಸಾಲಗಾರ ತಡ ಮಾಡಿದರೆ ಬಡ್ಡಿಯಾದರೂ ಬೆಳೆಯುತ್ತದೆ. ಇವರಿಗೆ ತಡ ಅಂದರೆ ಬರೀ ನಷ್ಟ. ಸಾಲದ ಅವಧಿ ಮುಂದೆ ಹಾಕಿದ್ದಕ್ಕೆ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಅದು ಬಡ್ಡಿಯೇ, ಅವರ ಧರ್ಮದಲ್ಲಿ ಬಡ್ಡಿ ಕೂಡದು. ಗಲ್ಫ್‌ನಲ್ಲಿ ಕೆಲಸ ಹೋದವರು ಇಟ್ಟ ಹಣ ತೆಗೆಯುತ್ತಿದ್ದರು, ಸಾಲ ತಗೊಂಡವರು ಕಟ್ಟುತ್ತಿರಲಿಲ್ಲ. ಚಿನ್ನ ಇಟ್ಟವರದ್ದು ಪರವಾಗಿಲ್ಲವಂತೆ. ಬರೀ ಜಾಮೀನಿನ ಮೇಲೆ ಕೊಟ್ಟದ್ದೇ ತಲೆನೋವು. ಮೀನಿನ ವ್ಯಾಪಾರಿಗೆ ಜಾಮೀನು ಹಾಕಿದವನೂ ಮೀನಿನವನೇ. ಒಬ್ಬನ ಬೋಟ್ ದಡದಲ್ಲಿದ್ದರೆ ಇನ್ನೊಬ್ಬನದೂ ದಡದಲ್ಲೇ. ಯಾರನ್ನು ಹಿಡಿಯುವುದು?

ಲೆಕ್ಕ ಅರ್ಥವಾಯಿತು. ಮಾಸ್ಕ್‌ಗೆ ದುಡ್ಡು ಮಾತ್ರ ತಂಗಿಯ ಹತ್ತಿರ ಇಸ್ಕೊಂಡೆ.

ಸಾಲ ಮುಗಿದದ್ದು 2021ರ ನವೆಂಬರ್‌ನಲ್ಲಿ, ಎರಡು ಸಾವಿರ, ಮೂರು ಸಾವಿರ ಅಂತ ಕಟ್ಟಿ. ಮುದ್ರೆ ಒಡೆದು ತೂಗಿದರು, 24 ಗ್ರಾಂ ಸರಿಯಾಗಿತ್ತು. ತುರ್ತಾಗಿ ಜಾಸ್ತಿ ಹಣ ಬೇಕಾದವರು ಬ್ಯಾಂಕಿಗೇ ಹೋಗಿ. ಕೈಯಲ್ಲಿ ಚಿನ್ನವಿದ್ದು, ಯಾವಾಗ ಕಟ್ಟುತ್ತೇನೋ ಅನ್ನುವ ನನ್ನಂಥವರು ಇಲ್ಲಿಗೆ ಬನ್ನಿ. ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟು ಬನ್ನಿ, ಆಗ ಕೌಂಟರ್‌ನಲ್ಲಿ ಯಾರೂ ಇರುವುದಿಲ್ಲ. ಚೀಲದ ಹೊಲಿಗೆ ಒಮ್ಮೆ ಎಳೆದು ನೋಡಿ.