ಥ್ರೀಡಿ ಸ್ಲೈಸರ್: ತಲೆಬುರುಡೆ ತಿರುಗಿಸುವ ಮುಂಚೆ ಶಿಫ್ಟ್ ಕೀ ಒತ್ತಿ

ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗಾಗಲಿ, ಅಲ್ಲಿನದೇ ಬಾಪೂಜಿ ದಂತ ಕಾಲೇಜಿನಲ್ಲಿ ಸಿಬಿಸಿಟಿ (ಹಲ್ಲು-ದವಡೆಯ ಸಿಟಿ ಸ್ಕ್ಯಾನ್) ಓದಲು ಕಲಿಯುವವರಿಗಾಗಲಿ, ಸ್ಕ್ಯಾನ್ ಚಿತ್ರ ನೋಡಲು ಪುಕ್ಕಟೆ ಸಿಗುವ ತಂತ್ರಾಂಶಗಳಲ್ಲಿ ಮೊದಲು ಹಾಕಿಕೊಳ್ಳಬೇಕಾದದ್ದು ಥ್ರೀಡಿ ಸ್ಲೈಸರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಾಕಿಕೊಂಡವರೆಲ್ಲ ಮೊದಲು ಮಾಡುವುದು ಮಾತ್ರ ಬಣ್ಣದ ತಲೆಬುರುಡೆಯನ್ನು ಗಿರಗಿರ ತಿರುಗಿಸುವುದು. ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಅಲ್ಲಲ್ಲ, ಪಕ್ಕದ ಮೂರು ಕಪ್ಪು-ಬಿಳುಪು ಕಿಟಕಿಗಳಲ್ಲಿ.

ಸ್ಕ್ಯಾನ್ ಸೆಂಟರ್ ಕೊಟ್ಟ ಸಿ.ಡಿ.ಯಲ್ಲಿರುವ ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ತಂತ್ರಾಂಶದ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಫೈಲ್ ರೂಪ) ಮಾಡ್ಯೂಲಿಗೆ ಎಳೆದು ಹಾಕಿ, ಬೇಕಾದ ಸೀರೀಸ್ (ಒಂದು ಸ್ಕ್ಯಾನಿನ ಚಿತ್ರಗಳ ಸಾಲು) ಮೇಲೆ ಡಬಲ್ ಕ್ಲಿಕ್ ಮಾಡಿ. ಕೆಂಪು ಪಟ್ಟಿಯ ಕಿಟಕಿಯಲ್ಲಿ ಆಕ್ಸಿಯಲ್ (ದೇಹವನ್ನು ಅಡ್ಡ ಕತ್ತರಿಸಿದಂತೆ), ಹಳದಿಯಲ್ಲಿ ಸ್ಯಾಜಿಟಲ್ (ಎಡ-ಬಲವಾಗಿ ಸೀಳಿದಂತೆ), ಹಸಿರಿನಲ್ಲಿ ಕರೋನಲ್ (ಮುಂದೆ-ಹಿಂದೆಯಾಗಿ ಸೀಳಿದಂತೆ) ಬರುತ್ತದೆ. ಮೌಸ್ ಚಕ್ರ ತಿರುಗಿಸಿದರೆ ಸ್ಲೈಸ್ (ಹೀಗೆ ಕತ್ತರಿಸಿದ ಒಂದೊಂದು ಪದರದ ಚಿತ್ರ) ಬದಲಾಗುತ್ತದೆ, ಬಲಗುಂಡಿ ಹಿಡಿದು ಎಳೆದರೆ ಜೂಮ್. ಈಗ ಶಿಫ್ಟ್ ಒತ್ತಿ ಹಿಡಿದು, ಕ್ಲಿಕ್ ಮಾಡದೆ, ಮೌಸನ್ನು ಗಂಟಿನ ಮೇಲೋ ಬಿರುಕಿನ ಮೇಲೋ ಒಯ್ಯಿರಿ. ಉಳಿದೆರಡು ಕಿಟಕಿಗಳೂ ಅದೇ ಬಿಂದುವಿಗೆ ಬಂದು ನಿಲ್ಲುತ್ತವೆ. ಆಕ್ಸಿಯಲ್‌ನಲ್ಲಿ ಗುಂಡಗೆ ಕಂಡದ್ದು ಗಂಟೋ, ಅಡ್ಡ ಕತ್ತರಿಸಿದ ರಕ್ತನಾಳವೋ ಎಂಬುದು ಅಲ್ಲೇ ಇತ್ಯರ್ಥ. ಥ್ರೀಡಿ ಕಿಟಕಿಯಲ್ಲೂ ಇದೇ ಕೀ ಕೆಲಸ ಮಾಡುತ್ತದೆ: ಮೂಳೆಯ ಮೇಲ್ಮೈ ಮೇಲೆ ಮೌಸ್ ಇಟ್ಟರೆ ಆ ಜಾಗದ ಸ್ಲೈಸುಗಳು ತೆರೆದುಕೊಳ್ಳುತ್ತವೆ.

ಓರೆಯಾಗಿ ಕತ್ತರಿಸಿ ನೋಡಬೇಕಾದಾಗ, ದವಡೆಯ ನರನಾಳವನ್ನು ಅದರ ಉದ್ದಕ್ಕೂ ನೋಡಲು ಅನ್ನಿ, ಟೂಲ್‌ಬಾರಿನ ಕ್ರಾಸ್‌ಹೇರ್ ಪಕ್ಕ ಸ್ಲೈಸ್ ಇಂಟರ್‌ಸೆಕ್ಷನ್ ಗುಂಡಿ ಒತ್ತಿ, ಅದರ ಮೆನುವಿನಲ್ಲಿ ಇಂಟರಾಕ್ಷನ್ ಹಚ್ಚಿ. ಗೆರೆಗಳಿಗೆ ಹಿಡಿಕೆ ಮೂಡುತ್ತದೆ, ಹಿಡಿದು ತಿರುಗಿಸಬಹುದು. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ತಿರುಗಿಸಿದ ಮೇಲೆ ಅದು ಆಕ್ಸಿಯಲ್ ಅಲ್ಲ, ಹೆಸರೇ ರಿಫಾರ್ಮ್ಯಾಟ್ ಎಂದು ಬದಲಾಗಿರುತ್ತದೆ. ಕಿಟಕಿಯ ಪಿನ್ ಮೆನುವಿನಲ್ಲಿ ಆಕ್ಸಿಯಲ್ ಎಂದು ಮತ್ತೆ ಆರಿಸದೆ ಅಳತೆ ತೆಗೆದರೆ ಓರೆ ಅಳತೆ ಬರುತ್ತದೆ.

ಸ್ಯಾಜಿಟಲ್ ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ತಂತ್ರಾಂಶವನ್ನು ಬೈಯಬೇಡಿ. ಸಿ.ಡಿ.ಗೆ 5 ಮಿ.ಮೀ. ದಪ್ಪದ ಸ್ಲೈಸ್ ಬರೆದಿದ್ದಾರೆ, ಅಷ್ಟೆ. ಸ್ಲೈಸಿನೊಳಗೆ ಅರ್ಧ ಮಿ.ಮೀ. ವಿವರ, ಸ್ಲೈಸಿಂದ ಸ್ಲೈಸಿಗೆ 5 ಮಿ.ಮೀ. ಇದ್ದರೆ ಇನ್ನೇನು ಕಂಡೀತು? ಸ್ಕ್ಯಾನ್ ಸೆಂಟರಿನಲ್ಲಿ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸೀರೀಸನ್ನೇ, ಅದೂ ಡೈಕಾಮ್ ರೂಪದಲ್ಲೇ ಕೇಳಿ ಪಡೆಯಿರಿ. ಜೆಪೆಗ್ ಚಿತ್ರಗಳಲ್ಲಿ ಸಾಂದ್ರತೆಯ ಸಂಖ್ಯೆಗಳು ಇರುವುದಿಲ್ಲ, ಮೆದುಳಿಗೆ ಬೇಕಾದ ಅಗಲ 80, ಮಟ್ಟ 40ರ ವಿಂಡೋ (ಯಾವ ಸಾಂದ್ರತೆಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ತೋರಿಸಬೇಕೆಂಬ ಮಿತಿ) ಹಚ್ಚಲು ಆಗುವುದಿಲ್ಲ.

ಇನ್ನು ಬಣ್ಣದ ತಲೆಬುರುಡೆ. ವಾಲ್ಯೂಮ್ ರೆಂಡರಿಂಗ್ ಮಾಡ್ಯೂಲಿಗೆ ಹೋಗಿ ಕಣ್ಣಿನ ಗುರುತು ತೆರೆದು, ಸಿಟಿ-ಬೋನ್ ಪ್ರಿಸೆಟ್ (ಮೂಳೆಗೆಂದು ಮೊದಲೇ ಹೊಂದಿಸಿಟ್ಟ ಬಣ್ಣ) ಆರಿಸಿ, ಶಿಫ್ಟ್ ಹೆಸರಿನ ಸ್ಲೈಡರ್ ಸರಿಸಿ. (ಕೀಬೋರ್ಡಿನ ಶಿಫ್ಟಿಗೂ ಇದಕ್ಕೂ ಸಂಬಂಧವಿಲ್ಲ.) ಅಂದವಾಗಿಯೇ ಕಾಣುತ್ತದೆ, ನಂಬಲು ಮಾತ್ರ ಹೋಗಬೇಡಿ. ಕಣ್ಣುಗುಳಿಯ ತಳದಂಥ ಕಾಗದ-ತೆಳು ಮೂಳೆ ಪಕ್ಕದ ಗಾಳಿಯೊಂದಿಗೆ ಒಂದೇ ವಾಕ್ಸೆಲಿನಲ್ಲಿ (ಸ್ಕ್ಯಾನಿನ ಅತಿ ಸಣ್ಣ ಘನ ತುಣುಕು) ಬೆರೆತು, ಅದರ ಸಂಖ್ಯೆ ಇಳಿದು, ಇಲ್ಲದ ತೂತು ಕಾಣಿಸುತ್ತದೆ. ಸ್ಲೈಡರ್ ಇನ್ನೊಂದು ಕಡೆಗೆ ಎಳೆದರೆ ಇರುವ ಕೂದಲೆಳೆ ಬಿರುಕೇ ಮುಚ್ಚಿಹೋಗುತ್ತದೆ. ಥ್ರೀಡಿಯಲ್ಲಿ ಅನುಮಾನ ಬಂದ ಜಾಗಕ್ಕೆ ಶಿಫ್ಟ್ ಕೀಯಿಂದ ಹೋಗಿ ಸ್ಲೈಸಿನಲ್ಲೇ ತೀರ್ಮಾನಿಸಬೇಕು.

ಲ್ಯಾಪ್‌ಟಾಪ್ ವಿಷಯ: ತೆರೆಯುವ ಡೇಟಾದ ಹತ್ತು ಪಟ್ಟು ರ‍್ಯಾಮ್ ಇರಲಿ ಎಂಬುದು ತಯಾರಕರ ಲೆಕ್ಕ. 512×512ರ ಒಂದು ಸ್ಲೈಸಿಗೆ ಅರ್ಧ ಎಂಬಿ, 500 ಸ್ಲೈಸಿಗೆ 250 ಎಂಬಿ. 8 ಜಿಬಿ ಇದ್ದರೆ ನಿಶ್ಚಿಂತೆ. ಸೋಲುವುದು ಗ್ರಾಫಿಕ್ಸ್ ಕಾರ್ಡು. ಥ್ರೀಡಿ ಕಿಟಕಿ ಖಾಲಿಯಾಗಿ ಉಳಿದರೆ ಮೊದಲು ಚಿತ್ರವನ್ನು ನಡುವಿಗೆ ತರುವ ಗುಂಡಿ ಒತ್ತಿ. ಅದಕ್ಕೂ ಬಗ್ಗದಿದ್ದರೆ ರೆಂಡರಿಂಗನ್ನು ಜಿಪಿಯುನಿಂದ (ಗ್ರಾಫಿಕ್ಸ್ ಕಾರ್ಡು) ಸಿಪಿಯುಗೆ (ಮುಖ್ಯ ಪ್ರೊಸೆಸರ್) ಬದಲಿಸಿ. ತೀರಾ ತೆವಳಿದರೆ ಕ್ರಾಪ್ ವಾಲ್ಯೂಮ್ ಮಾಡ್ಯೂಲಿನಲ್ಲಿ ಬೇಕಾದಷ್ಟೇ ಭಾಗ ಉಳಿಸಿ, ಇಲ್ಲವೇ ಸ್ಪೇಸಿಂಗ್ ಸ್ಕೇಲ್ 2 ಕೊಡಿ. ಮೂರೂ ದಿಕ್ಕಿಗೆ ಅರ್ಧವಾಗಿ ಗಾತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ, ಸಣ್ಣ ವಿವರವೂ ಅದರ ಜೊತೆ ಹೋಗುತ್ತದೆ.

ಇದು ಸಂಶೋಧನೆಗೆ, ಕಲಿಕೆಗೆ ಮಾಡಿದ ತಂತ್ರಾಂಶ. ಚಿಕಿತ್ಸೆಗೆ ಮಾನ್ಯತೆ ಪಡೆದದ್ದಲ್ಲ, ವರದಿಯನ್ನು ಇದರ ಮೇಲೆ ಬರೆಯುವಂತಿಲ್ಲ. ಇನ್ನು, ವಾಟ್ಸಾಪ್ ಗುಂಪಿಗೆ ಕೇಸ್ ಹಾಕುವವರು ಡೈಕಾಮ್ ಫೈಲನ್ನೇ ಕಳಿಸಬೇಡಿ, ಅದರೊಳಗೆ ರೋಗಿಯ ಹೆಸರು, ವಯಸ್ಸು ಎಲ್ಲ ಇರುತ್ತದೆ. ಎನ್‌ಆರ್‌ಆರ್‌ಡಿ ಎಂಬ ಇನ್ನೊಂದು ಫೈಲ್ ರೂಪದಲ್ಲಿ ಉಳಿಸಿದರೆ ಆ ವಿವರ ಬಿಟ್ಟುಹೋಗುತ್ತದೆ. ತಲೆಯ ಸ್ಕ್ಯಾನ್ ಆದರೆ ಮುಖದ ಭಾಗವನ್ನೂ ಕತ್ತರಿಸಿಯೇ ಕಳಿಸಿ, ಚರ್ಮ ರೆಂಡರ್ ಮಾಡಿದರೆ ಗುರುತು ಸಿಗುತ್ತದೆ.